ನಿಮಗಿದು ಗೊತ್ತೇ? ಗಾಂಧಿ ಬಜಾರಿನಿಂದ ಗಗನಚುಕ್ಕಿಗೆ

ಕೆ.ಆರ್.ಎಸ್. ತುಂಬಿತು ಅಂತ ಟಿ.ವಿ.ಯಲ್ಲಿ ಬಂದರೆ ಸಾಕು, ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ 'ಈ ಭಾನುವಾರ ಶಿವನಸಮುದ್ರ' ಅನ್ನುವ ಮಾತು ಏಳುತ್ತದೆ. ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಯುತ್ತದೆ, ಬೆಳಗಿನ ಜಾವ ಮನೆ ಮುಂದೆ ಟಿ.ಟಿ., ಅಂದರೆ ಟೆಂಪೋ ಟ್ರಾವೆಲರ್, ಬಂದು ನಿಲ್ಲುತ್ತದೆ. ಅತ್ತೆ, ಮಾವ, ಮೊಮ್ಮಕ್ಕಳು, ಮೊಸರನ್ನದ ಡಬ್ಬಿ, ಹಳೇ ಜಮಖಾನ ಎಲ್ಲ ಒಳಗೆ. ಮುಂದಿನ ಎರಡೂವರೆ ಮೂರು ಗಂಟೆ ಅಂತ್ಯಾಕ್ಷರಿಯಲ್ಲೇ ಕಳೆಯಬೇಕಿಲ್ಲ. ದಾರಿಯುದ್ದಕ್ಕೂ ಹೇಳಲು ಒಂದಷ್ಟು ಸಂಗತಿಗಳು ಇಲ್ಲಿವೆ.

● ಹೊರಟಿರುವುದು ಒಂದು ದ್ವೀಪಕ್ಕೆ! ಕಾವೇರಿ ಇಲ್ಲಿ ಎರಡಾಗಿ ಸೀಳಿ, ನಡುವೆ ನೆಲ ಬಿಟ್ಟು, ಕಣಿವೆಗೆ ಧುಮುಕಿ ಮತ್ತೆ ಒಂದಾಗುತ್ತಾಳೆ. ಎಡ ಕವಲಿನದು ಗಗನಚುಕ್ಕಿ, ಬಲ ಕವಲಿನದು ಭರಚುಕ್ಕಿ. ದ್ವೀಪ ಅಂದಕೂಡಲೇ ಅಂಡಮಾನ್, ಬಾಲಿ ಅಂತ ಕನಸು ಕಾಣುವ ಮಕ್ಕಳಿಗೆ ಇದನ್ನು ಮೊದಲು ಹೇಳಿ. ಪಾಸ್‌ಪೋರ್ಟ್ ಬೇಡ, ಬೆಂಗಳೂರಿನಿಂದ ಸುಮಾರು 130 ಕಿಲೋಮೀಟರ್.

● ಒಂದೇ ಕಡೆ ನಿಂತು ಎರಡೂ ಚುಕ್ಕಿ ನೋಡಲು ಆಗುವುದಿಲ್ಲ. ಗಗನಚುಕ್ಕಿಯನ್ನು ಎದುರಿಗೇ ನೋಡಲು ಮಳವಳ್ಳಿ ಕಡೆಯ ವೀಕ್ಷಣಾ ಗೋಪುರ. ಅದು ಮಂಡ್ಯ ಜಿಲ್ಲೆ. ಭರಚುಕ್ಕಿಗೆ ಸತ್ತೇಗಾಲದ ಕಡೆಯಿಂದ ಬಳಸಿ ಹೋಗಬೇಕು. ಅದು ಚಾಮರಾಜನಗರ ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. 'ಎರಡರಲ್ಲಿ ಯಾವುದು ಚೆಂದ' ಅನ್ನುವ ಜಗಳಕ್ಕೆ ನನ್ನ ಮತ ಕೇಳಿದರೆ, ಅಬ್ಬರಕ್ಕೆ ಗಗನಚುಕ್ಕಿ, ಅಗಲಕ್ಕೆ ಭರಚುಕ್ಕಿ. ವಯಸ್ಸಾದವರು ಜೊತೆಗಿದ್ದರೆ ಗಗನಚುಕ್ಕಿಯೇ ವಾಸಿ, ಮೇಲಿಂದಲೇ ಪೂರ್ತಿ ಕಾಣುತ್ತದೆ. ಭರಚುಕ್ಕಿಯಲ್ಲಿ ಬುಡಕ್ಕೆ ಇಳಿಯುವ ಮೆಟ್ಟಿಲು ಇಳಿಯುವಾಗ ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ.

● 1956ಕ್ಕೆ ಮೊದಲು ಈ ನದಿ ದಾಟಿದರೆ ರಾಜ್ಯವೇ ಬದಲು! ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ದ್ವೀಪವೂ ಅದರೊಳಗೇ ಇತ್ತು. ಎಡದಂಡೆ ಮಾತ್ರ ಮೈಸೂರು ಸಂಸ್ಥಾನ. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ಎರಡು ದಡವೂ ನಮ್ಮವಾದವು. ಅಲ್ಲಿಯವರೆಗೆ ಗಗನಚುಕ್ಕಿ ನೋಡಿ ಭರಚುಕ್ಕಿಗೆ ಹೋದ ಬೆಂಗಳೂರಿನವರು ಲೆಕ್ಕಕ್ಕೆ ಪರದೇಶ ಪ್ರವಾಸವನ್ನೇ ಮಾಡಿದಂತೆ.

● ಕನಕಪುರ ರಸ್ತೆಯಲ್ಲಿ ನೀವು ಹೋಗುವ ದಿಕ್ಕಿಗೆ ಎದುರಾಗಿ ಕಾವೇರಿ ಬರುತ್ತಿರುತ್ತಾಳೆ, ಕೊಳವೆಯೊಳಗೆ. ತಾತಗುಣಿ, ಹಾರೋಹಳ್ಳಿ, ಆಮೇಲೆ ಹಲಗೂರಿನ ಆಚೆಯ ತೊರೆಕಾಡನಹಳ್ಳಿ, ಅಂದರೆ ಜಲಮಂಡಳಿಯವರ ಬಾಯಲ್ಲಿ ಟಿ.ಕೆ. ಹಳ್ಳಿ. ಈ ಮೂರೂ ಪಂಪಿಂಗ್ ಸ್ಟೇಷನ್‌ಗಳು. ಶಿವನಸಮುದ್ರದ ಮೇಲ್ಗಡೆ ಎತ್ತಿಕೊಂಡ ನೀರನ್ನು ಟಿ.ಕೆ. ಹಳ್ಳಿಯಲ್ಲಿ ಶುದ್ಧ ಮಾಡಿ, ಮೂರು ನೆಗೆತದಲ್ಲಿ ಸುಮಾರು 500 ಮೀಟರ್ ಮೇಲೆತ್ತಿ, ನೂರು ಕಿಲೋಮೀಟರ್ ತಳ್ಳಿ ಬೆಂಗಳೂರಿಗೆ ತರುತ್ತಾರೆ. ಮೊದಲ ಹಂತ ಶುರುವಾದದ್ದು 1974ರಲ್ಲಿ, ದಿನಕ್ಕೆ 13.5 ಕೋಟಿ ಲೀಟರ್. ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ಹೊರಡುವ ಮುಂಚೆ ಫ್ಲಾಸ್ಕಿಗೆ ತುಂಬಿಕೊಂಡ ಕಾಫಿಯ ನೀರು ಎಲ್ಲಿಂದ ಬಂತೋ, ಅಲ್ಲಿಗೇ ಅದನ್ನು ಕುಡಿಯಲು ಒಯ್ಯುತ್ತಿದ್ದೀರಿ.

● ಅದಕ್ಕೂ ಮುಂಚೆ? 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಎರಡೂ ಅರ್ಕಾವತಿಯವು. ಅದೂ ಸಾಲದೆ ಹೋದಾಗ ಹಿತ್ತಿಲ ಬಾವಿ, ರಾಟೆ, ಹಗ್ಗ.

● ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಚಿನ್ನದ ಗಣಿಗೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಗಣಿಗಳನ್ನು ಮುಟ್ಟಿತು. ಜಗತ್ತಿನಲ್ಲೇ ಅತಿ ಉದ್ದದ ತಂತಿಗಳ ಸಾಲಿಗೆ ಅದು ಆಗ ಸೇರಿತ್ತು. ಹೋಲಿಕೆಗೆ ಹೇಳುವುದಾದರೆ, 1896ರಲ್ಲಿ ನಯಾಗರದಿಂದ ಬಫಲೋ ನಗರಕ್ಕೆ ವಿದ್ಯುತ್ತು ಕೊಟ್ಟಾಗ ಜಗತ್ತು ಬೆರಗಾಗಿತ್ತು; ಆ ದೂರ ಸುಮಾರು 40 ಕಿಲೋಮೀಟರ್. ಯೋಜನೆಯ ಎಂಜಿನಿಯರ್ ಜಾಲಿ ದ ಲಾಟ್ಬಿನಿಯರ್ ಕೆನಡಾದ ಕ್ವಿಬೆಕ್ ಮೂಲದವರು. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಈ ಭಾರೀ ಯಂತ್ರಗಳು ರೈಲಿಳಿದದ್ದು ಮದ್ದೂರಿನಲ್ಲಿ. ಅಲ್ಲಿಂದ ಮುಂದೆ ಎಳೆದದ್ದು ಎತ್ತು ಮತ್ತು ಆನೆ.

ಆಗಿನ ಕರೆಂಟು ಸೆಕೆಂಡಿಗೆ 25 ಆವರ್ತನದ್ದು. ಈಗ ನಮ್ಮ ಮನೆಗೆ ಬರುವುದು 50ರದ್ದು. ಆ ಪವರ್ ಹೌಸು ಇನ್ನೂ ನಡೆಯುತ್ತಿದೆ, ಸಾಮರ್ಥ್ಯ 42 ಮೆಗಾವ್ಯಾಟ್. ಬೇಸಗೆಯಲ್ಲಿ ನದಿ ಸೊರಗಿದರೆ ಗಣಿಯ ಯಂತ್ರ ನಿಲ್ಲುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ, ಅಂದರೆ ಈಗಿನ ಕೆ.ಆರ್.ಎಸ್.ನ, ಕೆಲಸ ಶುರುವಾಗಲು ಮಂಡ್ಯದ ಗದ್ದೆಗಳಷ್ಟೇ ಈ ಚಿಂತೆಯೂ ಕಾರಣ. ಕಬ್ಬಿನ ಗದ್ದೆ ದಾಟುವಾಗ ಇದನ್ನು ನೆನಪಿಸಿ. ಆ ಹಸಿರಿನ ಹಿಂದೆ ಕೋಲಾರದ ಚಿನ್ನವೂ ಇದೆ.

● ಎರಡು ಹಳೇ ಹೆಮ್ಮೆಗಳಿಗೆ ಸಣ್ಣ ತಿದ್ದುಪಡಿ. 'ಭಾರತದ ಮೊದಲ ಜಲವಿದ್ಯುತ್ ಶಿವನಸಮುದ್ರದ್ದು' ಅಂತ ಎಷ್ಟೋ ಕಡೆ ಓದಿರುತ್ತೀರಿ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಪುಟ್ಟದೊಂದು ಘಟಕ ಶುರುವಾಗಿತ್ತು; ದೊಡ್ಡ ಪ್ರಮಾಣದಲ್ಲಿ ಮೊದಲು ಅನ್ನಿ, ಯಾರೂ ತಕರಾರು ಮಾಡುವುದಿಲ್ಲ. ಇನ್ನು 1905ರ ಆಗಸ್ಟ್ 5ರಂದು ಸಿಟಿ ಮಾರ್ಕೆಟ್ ಬಳಿ ಬೀದಿದೀಪ ಹತ್ತಿದಾಗ ಬೆಂಗಳೂರು 'ಏಷ್ಯಾದಲ್ಲೇ ಮೊದಲು' ಆಯಿತು ಅನ್ನುವ ಮಾತು. ಶಾಂಘೈಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ಆದರೇನು, ಚಾಮರಾಜಪೇಟೆಯ ಪಕ್ಕದಲ್ಲೇ ಸೀಮೆಎಣ್ಣೆ ದೀಪದ ಜಾಗದಲ್ಲಿ ಕಾವೇರಿಯ ಬೆಳಕು ಬಂದದ್ದು ಸುಳ್ಳಲ್ಲವಲ್ಲ. ಬಿರುದು ಇಲ್ಲದೆಯೂ ಅದು ದೊಡ್ಡ ಸಂಗತಿಯೇ.

● ನಿಮ್ಮ ಬಡಾವಣೆಗೂ ಆ ಪವರ್ ಹೌಸಿಗೂ ಒಬ್ಬರೇ ದಿವಾನರು! ಕೆ. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾಗಿದ್ದದ್ದು 1883ರಿಂದ 1901ರವರೆಗೆ. 1892ರ ಚಾಮರಾಜಪೇಟೆ ಅವರ ಕಾಲದ್ದು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೂ ಅವರ ಕಾಲದವೇ. 1898ರ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನ ಬಂದು ನೆಲೆಸಿದ್ದು ಈ ಅಗಲ ರಸ್ತೆ, ಕನ್ಸರ್ವೆನ್ಸಿ ಗಲ್ಲಿಗಳ ನಡುವೆ. ಹೆಸರಘಟ್ಟದ ನೀರು ಅವರದು. ಶಿವನಸಮುದ್ರಕ್ಕೆ ಸಾಲ, ಒಪ್ಪಂದ, ಮನವೊಲಿಕೆ ಎಲ್ಲವೂ ಅವರದು. ಅವರು ತೀರಿಕೊಂಡದ್ದು 1901ರ ಸೆಪ್ಟೆಂಬರಿನಲ್ಲಿ. ಕರೆಂಟು ಹರಿದದ್ದು ಒಂಬತ್ತು ತಿಂಗಳ ನಂತರ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಕಟ್ಟಡದ ಮುಂದೆ ನಿಂತಿರುವ ಪ್ರತಿಮೆ ಅವರದೇ. ಮುಂದಿನ ಸಲ ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ.

● 'ತಾತ, ನೀರು ಬಿದ್ದರೆ ಕರೆಂಟು ಬರುತ್ತೆ ಅಂದ್ರಿ. ಮತ್ತೆ ಆ ನೀರನ್ನ ಮೇಲೆತ್ತೋಕೆ?' 'ಅದಕ್ಕೂ ಕರೆಂಟೇ ಕಣೋ.' ಈ ಪ್ರಶ್ನೆ ಬಂದೇ ಬರುತ್ತದೆ, ಬಂದಾಗ ಗದರಬೇಡಿ. 1905ರಲ್ಲಿ ಬೆಂಗಳೂರು ಕಾವೇರಿ ಕೆಳಗೆ ಬೀಳುವ ರಭಸವನ್ನು ತಂತಿಯಲ್ಲಿ ತರಿಸಿಕೊಂಡಿತು. 1974ರಿಂದ ತಂತಿಯ ಶಕ್ತಿ ಖರ್ಚು ಮಾಡಿ ಅದೇ ಕಾವೇರಿಯನ್ನು ಮೇಲಕ್ಕೆ ಹತ್ತಿಸುತ್ತಿದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಅಷ್ಟು ಎತ್ತರದ ಮೇಲೆ, ದೊಡ್ಡ ನದಿಯೊಂದೂ ಹತ್ತಿರವಿಲ್ಲದ ಕಡೆ ಊರು ಕಟ್ಟಿಕೊಂಡದ್ದರ ಬಾಡಿಗೆ ಅದು.

● ಕನಕಪುರದಲ್ಲಿ ಅರ್ಕಾವತಿ ದಾಟುವಾಗ ಕಿಟಕಿ ಮುಚ್ಚುವ ಮುನ್ನ ಒಂದು ಮಾತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತಾಳೆ ಅಂತ ನಂಬಿಕೆಯಿರುವ ವೃಷಭಾವತಿ ಬೈರಮಂಗಲ ಕೆರೆ ಹಾದು ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಸಂಗಮ ಇರುವುದು ಶಿವನಸಮುದ್ರಕ್ಕಿಂತ ಕೆಳಗೆ. ಅಂದರೆ ದ್ವೀಪದ ಮೇಲ್ಗಡೆ ನಾವು ಎತ್ತಿಕೊಂಡ ನೀರು ಬಸವನಗುಡಿಯ ಬಚ್ಚಲು, ಪಾತ್ರೆ, ವಾಷಿಂಗ್ ಮೆಷೀನು ಎಲ್ಲ ಸುತ್ತಿ, ದ್ವೀಪದ ಕೆಳಗ್ಗಡೆ ಕಾವೇರಿಗೆ ವಾಪಸು. ತಂದದ್ದನ್ನು ಹಿಂತಿರುಗಿಸುತ್ತೇವೆ, ಆದರೆ ತಂದ ಹಾಗೆ ಅಲ್ಲ. ಮಲ್ಲೇಶ್ವರದವರು ನಗಬೇಕಿಲ್ಲ: ಕಾಡು ಮಲ್ಲೇಶ್ವರದ ಎದುರಿನ ನಂದಿ ತೀರ್ಥದ ಕಡೆಯಿಂದಲೂ ಇದೇ ನದಿಗೆ ನೀರು ಅನ್ನುತ್ತಾರೆ. ಆ ನಂದಿ ತೀರ್ಥ ಮಣ್ಣಿನಡಿಯಿಂದ ಮತ್ತೆ ಬೆಳಕಿಗೆ ಬಂದದ್ದು 1997ರಲ್ಲಿ.

● ಬೆಂಗಳೂರಿನ ಪೂರ್ವದ ಮಳೆನೀರು ದಕ್ಷಿಣ ಪಿನಾಕಿನಿಗೆ, ಪಶ್ಚಿಮದ್ದು ಕಾವೇರಿಗೆ. ಕೊನೆಗೆ ಎರಡೂ ಸೇರುವುದು ಬಂಗಾಳ ಕೊಲ್ಲಿಯನ್ನೇ!

● ಗಗನಚುಕ್ಕಿ ಒಂದೇ ಧಾರೆಯಲ್ಲ. ಹಲವು ಸೀಳಾಗಿ, ಬಂಡೆಗೆ ಬಡಿದು, ಇನ್ನೊಂದು ಬಂಡೆಗೆ ಹಾರಿ ಇಳಿಯುತ್ತದೆ. ಭರಪೂರ ನೀರಿದ್ದ ದಿನ ಸೀಳುಗಳೆಲ್ಲ ಕೂಡಿಕೊಂಡು ಕಣಿವೆಯ ತುಂಬ ಬಿಳಿ ಹೊಗೆ. ಗೋಪುರದ ಕಂಬಿ ಹಿಡಿದು ನಿಂತ ಅಜ್ಜಿಯ ಕನ್ನಡಕ ಮಂಜಾಗುತ್ತದೆ, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಗಾಳಿ ತಿರುಗಿ ಮತ್ತೆ ಮಂಜು. ಹಿಂದುಗಡೆ ಉಪ್ಪುಖಾರ ಸವರಿದ ಮಾವಿನಕಾಯಿ, ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳ. ಚಿಪ್ಸ್ ಪೊಟ್ಟಣ ಕೈಯಲ್ಲಿ ಹಿಡಿದು ಸೆಲ್ಫಿಗೆ ನಿಂತರೆ ಕೋತಿ ಅದನ್ನು ಪ್ರಸಾದ ಅಂತಲೇ ತಿಳಿಯುತ್ತದೆ.

● ಏಪ್ರಿಲ್‌ನಲ್ಲಿ ಹೋಗಿ 'ಏನೂ ಇಲ್ಲ ಕಣ್ರೀ, ಬರೀ ಬಂಡೆ' ಅಂತ ಬೈದವರು ಅನೇಕರು. ತಪ್ಪು ಜಲಪಾತದ್ದಲ್ಲ. ನದಿಯ ನೀರನ್ನು ಮೇಲ್ಗಡೆಯೇ ಕಾಲುವೆಗೆ ತಿರುಗಿಸಿ ಪವರ್ ಹೌಸಿಗೆ ಒಯ್ಯುತ್ತಾರೆ. ನೀರು ಕಡಿಮೆ ಇದ್ದಾಗ ಬಂಡೆಗೆ ಉಳಿಯುವುದು ಚೂರುಪಾರು. ಜುಲೈಯಿಂದ ಅಕ್ಟೋಬರ್ ಸರಿಯಾದ ಕಾಲ.

● ಆಕಾಶ ನೋಡಿ ನೀರಿಗೆ ಇಳಿಯಬೇಡಿ! ಮಳವಳ್ಳಿಯಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ಕೊಡಗಿನಲ್ಲೋ ವಯನಾಡಿನಲ್ಲೋ ಮಳೆ ಸುರಿದು, ಕೆ.ಆರ್.ಎಸ್. ಅಥವಾ ಕಬಿನಿಯಿಂದ ನೀರು ಬಿಟ್ಟಿದ್ದರೆ ಇಲ್ಲಿ ನದಿ ನೋಡನೋಡುತ್ತ ಏರುತ್ತದೆ. ಮೇಲ್ಗಡೆಯ ಅಣೆಕಟ್ಟಿನ ಸುದ್ದಿ ಬೆಳಿಗ್ಗೆಯೇ ನೋಡಿಕೊಂಡು ಹೊರಡಿ. ದ್ವೀಪದಲ್ಲಿರುವ ದರ್ಗಾದ ಕಡೆಯಿಂದ ಬಂಡೆ ಇಳಿದು ಗಗನಚುಕ್ಕಿಯ ತಲೆಯ ಮೇಲೆ ನಿಲ್ಲುವ ಸಾಹಸ ಬೇಡವೇ ಬೇಡ. ಪಾಚಿಗೆ ವಯಸ್ಸಿನ ಭೇದವಿಲ್ಲ.

● ಈ ಕಣಿವೆಯ ಕೆಳಗಿನ ಕಾವೇರಿಯಲ್ಲಿ ಬೇರೆಲ್ಲೂ ಇಲ್ಲದ ಮೀನೊಂದಿದೆ. ಕಾವೇರಿ ಕೊಳ್ಳಕ್ಕೆ ಮಾತ್ರ ಸೇರಿದ, ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಭಾರೀ ಮಹಸೀರ್. ಬ್ರಿಟಿಷರ ಕಾಲದಿಂದ ಗಾಳಗಾರರು ಇದಕ್ಕಾಗಿ ಹಂಬಲಿಸಿದರೂ, ವಿಜ್ಞಾನಿಗಳು ಇದು ಯಾವ ಪ್ರಭೇದ ಅಂತ ಖಚಿತವಾಗಿ ಗುರುತಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನೀರುನಾಯಿ, ಮೊಸಳೆಗಳೂ ಈ ಹೊಳೆಯ ನಿವಾಸಿಗಳೇ.

● ಗುಡ್ಡ ಹತ್ತಿ ದೂರ ನೋಡುವ ಆಸೆ ಇದ್ದು ಟಿ.ಟಿ.ಗೆ ಕಾಸಿಲ್ಲವೇ? ಲಾಲ್‌ಬಾಗಿನ ಬಂಡೆ ಇದೆ, ಸುಮಾರು 300 ಕೋಟಿ ವರ್ಷ ಹಳೆಯದು; 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಆಯಿತು. ಮೇಲೆ ಕೆಂಪೇಗೌಡರ ಗಡಿಗೋಪುರ. ಅಂಥ ಇನ್ನೊಂದು ಗೋಪುರ ಕೆಂಪಾಂಬುಧಿ ಕೆರೆಯ ಹತ್ತಿರ. ಬ್ಯೂಗಲ್ ರಾಕ್ ಅಂತೂ ವಾಕಿಂಗಿಗೇ ಆಯಿತು.

● ದ್ವೀಪದ ಐತಿಹ್ಯ ಒಂದಿದೆ. ಇಲ್ಲಿ ಆಳಿದ ಗಂಗರಾಜರ ವಂಶದ ನಂದಿರಾಜ ಯಾವುದೋ ದೋಷದ ಪರಿಹಾರಕ್ಕೆ ಅಂತ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ರಾಣಿಯನ್ನೂ ಕೂರಿಸಿಕೊಂಡು ಗಗನಚುಕ್ಕಿಗೆ ಹಾರಿದನಂತೆ. ಗೋಪುರದ ಮೇಲೆ ನಿಂತು ಈ ಕಥೆ ಹೇಳಬೇಡಿ, ಮಕ್ಕಳು ಕಂಬಿಯಿಂದ ಬಗ್ಗುತ್ತಾರೆ. ಕುದುರೆಯನ್ನು ಯಾರೂ ಕೇಳಲಿಲ್ಲ ಅನ್ನುವುದೇ ನನ್ನ ಬೇಜಾರು.

● ವಾಪಸು ಬರುವಾಗ ಮಳವಳ್ಳಿಯಿಂದ ಮದ್ದೂರಿನ ದಾರಿ ಹಿಡಿದರೆ ವಡೆ ಉಂಟು. ಮದ್ದೂರು ವಡೆ ಹುಟ್ಟಿದ್ದು ರೈಲು ನಿಲ್ದಾಣದ ತಿಂಡಿ ಅಂಗಡಿಯಲ್ಲಿ, 1917ರಲ್ಲಿ ಎನ್ನುತ್ತಾರೆ. ಪವರ್ ಹೌಸಿನ ಟರ್ಬೈನು ಇಳಿಸಿದ ಹಮಾಲರಿಗೆ ಆ ಭಾಗ್ಯ ಇರಲಿಲ್ಲ ಪಾಪ. ಬೆಳಿಗ್ಗೆ ಹೊರಡುವಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದೇ ಹೊರಡುವ ಯೋಚನೆಯಿದ್ದರೆ ಶುಕ್ರವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ, ಅವತ್ತು ರಜೆ. 1943ರಿಂದ ಇರುವ ಹೋಟೆಲು, ನಿಮಗಾಗಿ ನಿಯಮ ಬದಲಿಸುವುದಿಲ್ಲ.

● ಸಮಯ ಮಿಕ್ಕಿದರೆ ಸೋಮನಾಥಪುರ. ಹೊಯ್ಸಳರ ಕೇಶವ ದೇವಾಲಯ 13ನೆಯ ಶತಮಾನದ್ದು; ಬೇಲೂರು, ಹಳೇಬೀಡುಗಳ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತಲಕಾಡಿನ ಮರಳೂ ಅದೇ ಸುತ್ತಿನಲ್ಲಿ. ಆದರೆ ಮಕ್ಕಳನ್ನು ಮರಳಿಗೆ ಬಿಟ್ಟಮೇಲೆ ಆ ದಿನ ಬೇರೆ ಏನೂ ನೋಡಲು ಆಗುವುದಿಲ್ಲ.

● ದ್ವೀಪದಲ್ಲಿ ಮಲಗಿರುವ ರಂಗನಾಥ ಮಧ್ಯರಂಗ. ಶ್ರೀರಂಗಪಟ್ಟಣದವನು ಆದಿರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ; ಮೂವರೂ ಕಾವೇರಿಯ ದ್ವೀಪಗಳಲ್ಲೇ. ಮೂವರನ್ನೂ ಒಂದೇ ದಿನ, ಸೂರ್ಯ ಮುಳುಗುವುದರೊಳಗೆ ನೋಡಿದರೆ ವಿಶೇಷ ಪುಣ್ಯ ಅನ್ನುವ ನಂಬಿಕೆಯಿದೆ. ಮನೆಯಲ್ಲಿ ಯಾರಾದರೂ ಹಿರಿಯರು ಮಧ್ಯರಂಗನ ಮುಂದೆ ನಿಂತು ಆ ಮಾತು ತೆಗೆದರೆ, ಡ್ರೈವರ್ ಕಡೆ ಒಮ್ಮೆ ನೋಡಿ. ಶ್ರೀರಂಗ ಅಲ್ಲಿಂದ ಇನ್ನೂ ಇನ್ನೂರು ಕಿಲೋಮೀಟರಿಗೂ ಆಚೆ.