ಡೊಮೆನಿಕೊ ಸ್ಕಾರ್ಲಾಟ್ಟಿಯ ಜೀವನಚರಿತ್ರೆ: ಐತಿಹ್ಯವೂ ಆಧಾರವೂ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ 1685 ಒಂದು ಪ್ರಸಿದ್ಧವಾದ ವರ್ಷ. ಬಾಖ್, ಹ್ಯಾಂಡೆಲ್, ಡೊಮೆನಿಕೊ ಸ್ಕಾರ್ಲಾಟ್ಟಿ ಈ ಮೂವರೂ ಹುಟ್ಟಿದುದು ಆ ವರ್ಷದಲ್ಲಿಯೇ. ಮೊದಲಿನ ಇಬ್ಬರ ಕೃತಿಗಳಿಗೆ ಅವರವರ ಕೈಬರಹದ ಪ್ರತಿಗಳು ಹೇರಳವಾಗಿ ಉಳಿದಿವೆ. ಮೂರನೆಯವನಾದರೋ ತನ್ನ ಕಾಲದ ಹಾರ್ಪ್ಸಿಕಾರ್ಡ್ ವಾದಕರಲ್ಲಿ ಅಗ್ರಗಣ್ಯನಾಗಿದ್ದೂ, ಐನೂರಕ್ಕೂ ಮೀರಿ ಸೊನಾಟಾಗಳನ್ನು ರಚಿಸಿದ್ದೂ, ತನ್ನ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿಯೇ ಇದ್ದಾನೆ. ಆ ಸೊನಾಟಾಗಳಲ್ಲಿ ಒಂದರದೂ ಸ್ವಹಸ್ತಪ್ರತಿ ದೊರೆತಿಲ್ಲ. ಇಂತಹ ಮೌನವಿರುವ ಕಡೆ ಕಥೆಗಳು ಬಂದು ನೆಲೆಸುವುದು ಸ್ವಾಭಾವಿಕ. ಆ ಕಥೆಗಳನ್ನು ವಿದ್ವಾಂಸರು ಹೇಗೆ ಪರೀಕ್ಷಿಸಿದರು, ಪರೀಕ್ಷಿಸಿದವರೂ ಎಲ್ಲಿ ಎಡವಿದರು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ಹಾರ್ಪ್ಸಿಕಾರ್ಡ್ ಪಿಯಾನೊವಿಗಿಂತ ಹಿಂದಿನ ವಾದ್ಯ. ಪಿಯಾನೊದಲ್ಲಿ ಸಣ್ಣ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಇಲ್ಲಿ ಮನೆಯನ್ನು ಒತ್ತಿದಾಗ ಹಕ್ಕಿಯ ಗರಿಯ ಚೂಪಾದ ತುಣುಕೊಂದು ತಂತಿಯನ್ನು ಮೀಟುತ್ತದೆ. ನಾದದ ಉತ್ಪತ್ತಿಯ ದೃಷ್ಟಿಯಿಂದ ಅದು ನಮ್ಮ ವೀಣೆಗೇ ಹೆಚ್ಚು ಹತ್ತಿರ.

ಸ್ಕಾರ್ಲಾಟ್ಟಿಯ ಬಾಳಿನಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸಂಗತಿಗಳು ಇಷ್ಟು. ನೇಪಲ್ಸ್ ನಗರದಲ್ಲಿ ಅಕ್ಟೋಬರ್ 26ರಂದು ಜನನ. ತಂದೆ ಅಲೆಸ್ಸಾಂಡ್ರೊ, ಆ ಕಾಲದ ಹೆಸರಾಂತ ಸಂಗೀತ ನಾಟಕಗಳ ಕರ್ತೃ. 1714ರಿಂದ 1719ರ ವರೆಗೆ ಮಗನು ವ್ಯಾಟಿಕನ್ನಿನ ಜೂಲಿಯಾ ಗಾಯಕವೃಂದದ ಮುಖ್ಯಸ್ಥನಾಗಿದ್ದನು. ಆಮೇಲೆ ಪೋರ್ಚುಗಲ್ಲಿನ ದೊರೆ ಐದನೆಯ ಜೊವಾನನ ಆಶ್ರಯದಲ್ಲಿ ರಾಜಕುಮಾರಿ ಮರಿಯ ಬಾರ್ಬರಳಿಗೆ ಗುರುವಾದನು. 1729ರಲ್ಲಿ ಆಕೆ ಸ್ಪೇನಿನ ಯುವರಾಜನನ್ನು ವರಿಸಿದಾಗ ಗುರುವೂ ಶಿಷ್ಯೆಯ ಜೊತೆಯಲ್ಲಿ ಹೊರಟನು. 1757ರ ಜುಲೈ 23ರಂದು ಮ್ಯಾಡ್ರಿಡ್‌ನಲ್ಲಿ ಅವನ ಮರಣ.

ಇನ್ನು ಕಥೆಗಳು. ಚಾರ್ಲ್ಸ್ ಬರ್ನಿ ಎಂಬ ಆಂಗ್ಲ ಸಂಗೀತ ಚರಿತ್ರಕಾರನು 1772ರಲ್ಲಿ ವಿಯೆನ್ನಾಕ್ಕೆ ಹೋಗಿದ್ದಾಗ, ಸ್ಕಾರ್ಲಾಟ್ಟಿಯನ್ನು ಬಲ್ಲವನಾಗಿದ್ದ ಲೋಜಿಯೆ ಎಂಬ ವೈದ್ಯನನ್ನು ಕಂಡನು. ಮುಪ್ಪಿನಲ್ಲಿ ಸ್ಕಾರ್ಲಾಟ್ಟಿಯ ದೇಹ ಬಹಳ ಸ್ಥೂಲವಾಯಿತೆಂದೂ, ನುಡಿಸುವಾಗ ಒಂದು ಕೈಯನ್ನು ಇನ್ನೊಂದರ ಮೇಲೆ ದಾಟಿಸಲು ಅವನಿಂದ ಆಗದೆ ಹೋಯಿತೆಂದೂ, ಆದುದರಿಂದಲೇ ಕಡೆಯ ಸೊನಾಟಾಗಳಲ್ಲಿ ಕೈದಾಟುಗಳು ವಿರಳವೆಂದೂ ಬರ್ನಿ ಬರೆದಿಟ್ಟನು. ಸಂಗೀತದ ಲಕ್ಷಣವೊಂದಕ್ಕೆ ಶರೀರದಿಂದಲೇ ಕಾರಣ ಸಿಕ್ಕರೆ ಯಾರಿಗೆ ತಾನೆ ಹಿತವಾಗದು! ಮಾತು ಗ್ರಂಥದಿಂದ ಗ್ರಂಥಕ್ಕೆ ಇಳಿದು ಬಂದಿತು. ಆದರೆ ಪೋರ್ಚುಗಲ್ಲಿನ ಅಲ್ಪಿಯಾರ್ಸಾ ಎಂಬಲ್ಲಿರುವ ವೆಲಾಸ್ಕೊನ ಚಿತ್ರದಲ್ಲಿ ನಾವು ಕಾಣುವುದು ನೀಳವಾದ ಬೆರಳುಗಳುಳ್ಳ ತೆಳ್ಳನೆಯ ಪುರುಷನನ್ನು. ಸ್ಥೂಲಕಾಯಳಾಗಿದ್ದವಳು ರಾಣಿ ಮರಿಯ ಬಾರ್ಬರ. ಸೊನಾಟಾಗಳನ್ನು ನುಡಿಸುತ್ತಿದ್ದವಳೂ ಆಕೆಯೇ. ಕಥೆಯನ್ನು ಹೇಳಿದ ಲೋಜಿಯೆಯಂತೂ ಅಸಾಧಾರಣ ಸ್ಥೂಲನೆಂದು ಬರ್ನಿಯೇ ಬರೆದಿದ್ದಾನೆ. ಚಿತ್ರವು ಸುಮಾರು ಐವತ್ತರ ಪ್ರಾಯದ್ದು, ಎಪ್ಪತ್ತರ ದೇಹಕ್ಕೆ ಅದು ಸಾಕ್ಷಿಯಾಗದು ಎಂದು ಯಾರಾದರೂ ಆಕ್ಷೇಪಿಸಬಹುದು; ಆಕ್ಷೇಪ ನ್ಯಾಯವಾದುದೇ. ಆದರೆ ಬಾಯಿಮಾತೊಂದರ ಮೇಲೆ ಒಂದು ಶೈಲಿಯ ಪರಿಣಾಮವನ್ನೇ ಕಟ್ಟುವುದು ಸಾಧುವಲ್ಲ.

ರೋಮಿನಲ್ಲಿ ಹ್ಯಾಂಡೆಲನಿಗೂ ಸ್ಕಾರ್ಲಾಟ್ಟಿಗೂ ನಡೆಯಿತೆನ್ನಲಾದ ಸ್ಪರ್ಧೆಯ ವಿಷಯವೂ ಇಂತಹುದೇ. ಅದನ್ನು ಮೊದಲು ಅಚ್ಚಿಗೆ ತಂದವನು ಮೇನ್‌ವೇರಿಂಗ್. 1760ರಲ್ಲಿ, ಇಬ್ಬರೂ ತೀರಿಕೊಂಡ ಮೇಲೆ, ಘಟನೆಯೆಂದು ಹೇಳುವ ಕಾಲದಿಂದ ಅರ್ಧ ಶತಮಾನ ಕಳೆದು. ಅದು ನಡೆದಿರಲಾರದೆಂದು ನಾನು ಹೇಳುವುದಿಲ್ಲ.

ಇವೆರಡೂ ತಡವಾಗಿ ಬಂದ ಸಾಕ್ಷ್ಯಗಳು. ಸಮಕಾಲೀನ ಲಿಖಿತವಿದ್ದರೆ ಸಂಶಯವೇ ಇಲ್ಲವೆಂದು ಭಾವಿಸುವುದೂ ಅಪಾಯಕರ. 1719ರ ಸೆಪ್ಟೆಂಬರಿನ ವ್ಯಾಟಿಕನ್ ದಿನಚರಿಯೊಂದರಲ್ಲಿ ಸ್ಕಾರ್ಲಾಟ್ಟಿ ಇಂಗ್ಲೆಂಡಿಗೆ ಹೊರಟುಹೋದನೆಂದು ದಾಖಲೆಯಿದೆ. 1720ರಲ್ಲಿ ಲಂಡನ್ನಿನಲ್ಲಿ ಅವನ ‘ನಾರ್ಚಿಸೊ’ ಪ್ರದರ್ಶಿತವಾದುದೂ ನಿಜ. ಎರಡನ್ನೂ ಜೋಡಿಸಿ, ಅವನು ಲಂಡನ್ನಿನಲ್ಲಿ ನೆಲೆಸಿದ್ದನೆಂದು ಹಲವರು ಬರೆದರು. ಆದರೆ ಲಿಸ್ಬನ್ನಿನಲ್ಲಿದ್ದ ಪೋಪನ ರಾಯಭಾರಿ ರೋಮಿಗೆ ಕಳುಹಿಸಿದ ವರದಿಗಳು 1990ರ ದಶಕದಲ್ಲಿ ಬೆಳಕಿಗೆ ಬಂದಾಗ, ಅದೇ ನವೆಂಬರಿನಲ್ಲಿ ಅವನು ಲಿಸ್ಬನ್ ತಲುಪಿದ್ದನೆಂದು ತಿಳಿದುಬಂದಿತು. ರೋಮಿನ ದಿನಚರಿಕಾರನು ಸುಳ್ಳು ಬರೆದನೆಂದಲ್ಲ. ತಾನು ಕೇಳಿದುದನ್ನು ಅವನು ಬರೆದನು. ಹೊರಟವನು ಎಲ್ಲಿ ಮುಟ್ಟಿದನೆಂಬುದನ್ನು ಮುಟ್ಟಿದ ಊರಿನವರೇ ಹೇಳಬೇಕು.

ಈ ಗೋಜಲನ್ನು ಬಿಡಿಸುವ ಕೆಲಸಕ್ಕೆ ಗಟ್ಟಿಯಾದ ತಳಹದಿ ಹಾಕಿದವರು ಅಮೆರಿಕದ ರಾಲ್ಫ್ ಕರ್ಕ್‌ಪ್ಯಾಟ್ರಿಕ್, ತಾವೇ ಶ್ರೇಷ್ಠ ಹಾರ್ಪ್ಸಿಕಾರ್ಡ್ ವಾದಕರು. ಎರಡನೆಯ ಮಹಾಯುದ್ಧದ ಅನಂತರ ಅವರು ಮ್ಯಾಡ್ರಿಡ್‌ಗೆ ಹೋದಾಗ ಅಲ್ಲಿಯ ಟೆಲಿಫೋನ್ ಡೈರೆಕ್ಟರಿಯಲ್ಲಿ ಸ್ಕಾರ್ಲಾಟ್ಟಿ ಎಂಬ ಮನೆತನದ ಹೆಸರು ಕಂಡಿತು. ವಿಚಾರಿಸಿದರೆ ಅವರು ಸಂಗೀತಗಾರನ ವಂಶಸ್ಥರೇ! ಮನೆಯಲ್ಲಿ ಹಳೆಯ ಕಾಗದಪತ್ರಗಳೂ ಇದ್ದವು. ಎಷ್ಟೋ ಪಂಡಿತರು ಕೋಶಗಳನ್ನು ಮಗುಚಿದ್ದರು. ಆ ಪುಟವನ್ನು ಮಗುಚಿದವರಿರಲಿಲ್ಲ. 1953ರಲ್ಲಿ ಪ್ರಕಟವಾದ ಅವರ ಗ್ರಂಥ ಈ ವಿಷಯಕ್ಕೆ ಇಂದಿಗೂ ಆಧಾರಸ್ತಂಭ.

ಆದರೆ ಆ ಗ್ರಂಥದಲ್ಲಿಯೇ ಹೊಸದೊಂದು ಕಥೆ ಬೇರುಬಿಟ್ಟಿತು. 1717ರ ಜನವರಿಯಲ್ಲಿ ಅಲೆಸ್ಸಾಂಡ್ರೊ ಮಗನನ್ನು ಪಿತೃಾಧಿಕಾರದಿಂದ ಬಿಡುಗಡೆ ಮಾಡಿದ ಕಾನೂನುಪತ್ರವೊಂದಿದೆ. ಮಗನಿಗೆ ಆಗ ಮೂವತ್ತೊಂದು ವರ್ಷ. ಇತ್ತ ಸೊನಾಟಾಗಳ ಮುಖ್ಯ ಪ್ರತಿಗಳಾದ ವೆನಿಸ್ಸಿನ ಹದಿನೈದು ಸಂಪುಟಗಳಲ್ಲಿ ಹದಿಮೂರು 1752ರಿಂದ 1757ರ ಒಳಗೆ ನಕಲಾದುವು. ನಕಲಿನ ಕ್ರಮವೇ ಸ್ಥೂಲವಾಗಿ ರಚನೆಯ ಕ್ರಮವೆಂದು ಕರ್ಕ್‌ಪ್ಯಾಟ್ರಿಕ್ ಊಹಿಸಿದರು. ಹೀಗೆ, ತಂದೆಯ ನೆರಳಿನಲ್ಲಿ ಬಾಡಿದ್ದ ಮಗನು ಅರವತ್ತು ದಾಟಿದ ಮೇಲೆ ಅರಳಿದನೆಂಬ ಮನೋಹರ ಚಿತ್ರ ಸಿದ್ಧವಾಯಿತು. ಆದರೆ ಕಾನೂನುಪತ್ರವು ವ್ಯವಹಾರದ ಸಾಧನ. ಅದರಿಂದ ಮನಸ್ಸಿನ ಸ್ಥಿತಿಯನ್ನು ಓದುವುದು ಕಷ್ಟ. ಲಿಪಿಕಾರನು ರಾಣಿಗಾಗಿ ನಕಲು ಮಾಡಿದ ವರ್ಷವೂ ಕೃತಿ ಹುಟ್ಟಿದ ವರ್ಷವೂ ಒಂದೇ ಆಗಬೇಕಾಗಿಲ್ಲ. ದಶಕಗಳಿಂದ ಕೂಡಿಬಂದ ರಚನೆಗಳನ್ನು ಕೊನೆಗೆ ಒಟ್ಟುಗೂಡಿಸಿ ಬರೆಸಿದ್ದಿರಬಹುದು. ಹಾಗಿದ್ದ ಪಕ್ಷದಲ್ಲಿ ಮುಪ್ಪಿನಲ್ಲಿ ಅರಳಿದ ಪ್ರತಿಭೆಯೆಂಬ ವ್ಯಾಖ್ಯಾನಕ್ಕೆ ಆಧಾರವೇ ತಪ್ಪುತ್ತದೆ.

ಈ ಊಹೆಯನ್ನು ಅನುಸರಿಸಿಯೇ ಕರ್ಕ್‌ಪ್ಯಾಟ್ರಿಕ್ ಸೊನಾಟಾಗಳಿಗೆ 1ರಿಂದ 555ರ ವರೆಗೆ ಅಂಕಿಗಳನ್ನು ಕೊಟ್ಟರು. ಲೋಂಗೊ ಎಂಬ ಸಂಪಾದಕನ ಹಳೆಯ ಅಂಕಿಗಳನ್ನು ಹಿಂದಿಕ್ಕಿ, ಇಂದು ಕಚೇರಿಯ ಕಾರ್ಯಕ್ರಮ ಪತ್ರಿಕೆಗಳಲ್ಲಿಯೂ ಧ್ವನಿಮುದ್ರಿಕೆಗಳ ಮೇಲೆಯೂ ‘ಕೆ’ ಅಕ್ಷರದ ಮುಂದೆ ಅಚ್ಚಾಗುತ್ತಿರುವುದು ಇವೇ. ದೊಡ್ಡ ಅಂಕಿಯ ಸೊನಾಟಾ ಎಂದರೆ ದೊರೆತ ಪ್ರತಿಗಳಲ್ಲಿ ತಡವಾಗಿ ನಕಲಾದುದು ಎಂದಿಷ್ಟೇ ಅರ್ಥ; ಕರ್ತೃವಿನ ವಯಸ್ಸನ್ನು ಆ ಅಂಕಿ ಹೇಳುವುದಿಲ್ಲ.