ಗೊರಕೆಯ ಯಂತ್ರಕ್ಕೆ ಗಾಳಿ ಎಷ್ಟಿರಬೇಕು?



ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೆ ಒತ್ತಡದ ಲೆಕ್ಕ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲಬೇಕು. ಎಳೆತ ಕಡಿಮೆಯಾದರೆ ಕಪ್ಪು ಮೊಲೆತೊಟ್ಟಿನಿಂದ ಜಾರಿ ಬೀಳುತ್ತದೆ, ಹಾಲು ಪೂರ್ತಿ ಇಳಿಯುವುದಿಲ್ಲ. ಹೆಚ್ಚಾದರೆ ತೊಟ್ಟಿನ ತುದಿ ಗಾಯವಾಗಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಈ ಸಂಚಿಕೆಯಲ್ಲಿ ಬರೆಯುತ್ತಿರುವುದು ದನದ ಯಂತ್ರದ ಬಗ್ಗೆ ಅಲ್ಲ, ಮನುಷ್ಯರ ಯಂತ್ರದ ಬಗ್ಗೆ. ಆದರೆ ಲೆಕ್ಕ ಮಾತ್ರ ಅದೇ.

ರೋಣ ತಾಲ್ಲೂಕಿನ ಒಂದು ಮಹಿಳಾ ಸಂಘದಲ್ಲಿ ಸಭೆ ಮುಗಿದ ಮೇಲೆ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಯಜಮಾನರಿಗೆ ರಾತ್ರಿ ಜೋರು ಗೊರಕೆ, ನಡುವೆ ಉಸಿರು ನಿಂತು ಬೆಚ್ಚಿಬಿದ್ದು ಏಳುವುದು. ಹಗಲು ಬೈಕಿನ ಮೇಲೆ ಹಾಲಿನ ಕ್ಯಾನ್ ತರುವಾಗಲೇ ತೂಕಡಿಕೆ. ಒಮ್ಮೆ ಕಾಲುವೆಯ ದಂಡೆಯವರೆಗೂ ಗಾಡಿ ಹೋಗಿತ್ತಂತೆ. ಯಾರೋ ಹೇಳಿದರೆಂದು ಮೂಗಿಗೆ ಹಾಕುವ ಗಾಳಿಯ ಯಂತ್ರ ತಂದರು. ಅದಕ್ಕಾಗಿ ಒಂದು ಎಮ್ಮೆಯನ್ನೂ ಮಾರಿದರು. ನಾಲ್ಕು ರಾತ್ರಿ ಹಾಕಿಕೊಂಡು, "ಹೊಟ್ಟಿ ಉಬ್ಬತೈತಿ, ಬಾಯಿ ಒಣಗತೈತಿ, ಒಲ್ಲೆ" ಎಂದು ತೆಗೆದಿಟ್ಟರು. ಯಂತ್ರ ಈಗ ಅಟ್ಟದ ಮೇಲಿದೆ. ಗಾಳಿ ಎಷ್ಟಕ್ಕೆ ಇಟ್ಟಿದ್ದರು, ಯಾವ ಪರೀಕ್ಷೆ ನೋಡಿ ಇಟ್ಟಿದ್ದರು ಎಂದು ಕೇಳಿದೆ. ಪರೀಕ್ಷೆಯನ್ನೇ ಮಾಡಿರಲಿಲ್ಲ. ಅಂಗಡಿಯವರೇ ಒಂದು ನಂಬರಿಗೆ ಇಟ್ಟು ಕೊಟ್ಟಿದ್ದರು.

ಇಂಥ ಯಂತ್ರಕ್ಕೆ ಸಿಪ್ಯಾಪ್ ಎನ್ನುತ್ತಾರೆ. ರೋಗದ ಹೆಸರು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವುದು. ಮೆತ್ತನೆಯ ರಬ್ಬರ್ ನಳಿಕೆಯಿಂದ ಮಜ್ಜಿಗೆಯನ್ನು ಜೋರಾಗಿ ಹೀರಿ ನೋಡಿ, ನಳಿಕೆಯ ಗೋಡೆಗಳೇ ಒಂದಕ್ಕೊಂದು ಅಂಟಿ ಮುಚ್ಚಿಕೊಳ್ಳುತ್ತವೆ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡಾಗ ಕೆಲವರಲ್ಲಿ ಆಗುವುದೂ ಇದೇ. ಎದೆ ಉಸಿರನ್ನು ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಬಹಳ ಕಡಿಮೆಯಾದದ್ದನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲವಾದರೆ ರೋಗ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಸಲವೂ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆ ಎಚ್ಚರವಾಗಿ ಗಂಟಲನ್ನು ತೆರೆಯುತ್ತದೆ. ಮಲಗಿದವರಿಗೆ ಇದರ ನೆನಪೇ ಇರುವುದಿಲ್ಲ. ಬಿ.ಪಿ. ಏರುವುದು, ಹೃದಯಕ್ಕೆ ಹೊರೆಯಾಗುವುದು, ಹಗಲು ತೂಕಡಿಸುವುದು ಇದರಿಂದಲೇ.

"ಗೊರಕಿ ಗಂಡಸರದ ಅಲ್ಲೇನ್ರಿ?" ಎಂದು ನೀವು ಕೇಳಬಹುದು. ಅಲ್ಲ. ಗಂಡಸರಲ್ಲಿ ಹೆಚ್ಚು ನಿಜ, ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚಾಗುತ್ತದೆ. ಹೆಂಗಸರಲ್ಲಿ ಗೊರಕೆಯ ಸದ್ದಿಗಿಂತ ಸುಸ್ತು, ಬೆಳಗಿನ ತಲೆನೋವು, ಮಂಕು, ರಾತ್ರಿ ನಡುನಡುವೆ ಎಚ್ಚರವಾಗುವುದು ಇವೇ ಮುಂದಾಗಿ ಕಾಣುತ್ತವೆ. ನಾಲ್ಕು ಗಂಟೆಗೆ ಎದ್ದು ಸಗಣಿ ಬಾಚಿ, ಹಿಂಡಿ ಕಲಸಿ, ಹಾಲು ಕರೆದು ಸಂಘಕ್ಕೆ ಹಾಕಿ ಬರುವವರಿಗೆ ಸುಸ್ತಾಗದೆ ಇನ್ನೇನು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ನಾವೂ ಹಾಗೇ ಅಂದುಕೊಳ್ಳುತ್ತೇವೆ. ಅದಕ್ಕೇ ಈ ರೋಗ ನಮ್ಮಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಏಳೆಂಟು ತಾಸು ಮಲಗಿದ ದಿನವೂ ಕಣ್ಣು ಎಳೆಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಲ್ಲೂ ಸುಸ್ತು ಇರುವುದರಿಂದ ಅವನ್ನೂ ನೋಡುತ್ತಾರೆ. ತೂಕಡಿಸುವ ಕಣ್ಣಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಡುವುದು ಎಂಥದ್ದು ಎಂದು ನಿಮಗೇ ಗೊತ್ತು.

ಈ ಯಂತ್ರದ ಹುಟ್ಟು ಸ್ವಾರಸ್ಯವಾಗಿದೆ. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಕಸ ಹೀರುವ ಯಂತ್ರದ ಮೋಟರನ್ನು ಗಾಳಿ ಊದಲು ಬಳಸಿಕೊಂಡು, ಅದನ್ನು ರೋಗಿಯ ಮೂಗಿಗೆ ಜೋಡಿಸಿದರು. ಗಂಟಲು ತೂತು ಮಾಡಿ ಉಸಿರಾಟದ ದಾರಿ ಮಾಡುವುದೇ ಆಗ ತೀವ್ರ ರೋಗಕ್ಕಿದ್ದ ಚಿಕಿತ್ಸೆ. 1981ರಲ್ಲಿ ಅವರ ತಂಡ ಐದು ರೋಗಿಗಳ ವರದಿ ಪ್ರಕಟಿಸಿತು. ಐವರಿಗೂ ಬೇಕಾದ ಒತ್ತಡ ಒಂದೇ ಆಗಿರಲಿಲ್ಲ, 4.5ರಿಂದ 10 ಸೆಂಟಿಮೀಟರ್ ನೀರಿನಷ್ಟಿತ್ತು. ಮೊದಲ ದಿನದಿಂದಲೇ ಗೊತ್ತಿದ್ದ ಈ ಮಾತನ್ನು ನಮ್ಮ ಅಂಗಡಿಗಳು ಇನ್ನೂ ಮರೆಯುತ್ತಿವೆ.

ಸೆಂಟಿಮೀಟರ್ ನೀರು ಎಂದರೇನು? ಬಕೆಟ್ಟಿನ ನೀರಿನಲ್ಲಿ ಒಂದು ಸ್ವಚ್ಛ ನಳಿಕೆಯ ತುದಿಯನ್ನು 10 ಸೆಂ.ಮೀ. ಆಳಕ್ಕೆ ಇಳಿಸಿ ಮೆಲ್ಲಗೆ ಊದಿ. ಗುಳ್ಳೆ ಏಳಲು ಶುರುವಾಗುವಷ್ಟು ಊದಿದರೆ ಅದೇ 10 ಸೆಂಟಿಮೀಟರ್ ಒತ್ತಡ. ಹಾಲು ಕರೆಯುವ ಯಂತ್ರದ ಎಳೆತ ಇದಕ್ಕಿಂತ ಸುಮಾರು ನಲವತ್ತು ಪಟ್ಟು ಹೆಚ್ಚು. ಆದ್ದರಿಂದ "ಯಂತ್ರ ಎದೆ ಒಡೆದೀತು" ಎಂಬ ಹೆದರಿಕೆ ಬೇಡ. ಸಿಪ್ಯಾಪ್ ಯಂತ್ರಗಳು ಸಾಮಾನ್ಯವಾಗಿ 4ರಿಂದ 20ರವರೆಗೆ ಗಾಳಿ ಕೊಡುತ್ತವೆ. ಯಂತ್ರ ನಮ್ಮ ಬದಲು ಉಸಿರಾಡುವುದಿಲ್ಲ. ಗಂಟಲಿನ ನಳಿಕೆ ಅಂಟಿಕೊಳ್ಳದಂತೆ ಒಳಗಿನಿಂದ ಆಸರೆ ಕೊಡುತ್ತದೆ, ಅಷ್ಟೆ.

ಆಸರೆ ಎಷ್ಟು ಬೇಕೆಂದು ಕಂಡುಹಿಡಿಯುವುದೇ ಮುಖ್ಯ ಕೆಲಸ. ಮೊದಲು ನಿದ್ದೆಯ ಪರೀಕ್ಷೆಯಾಗಿ ರೋಗ ಇದೆಯೆಂದು ಖಾತ್ರಿಯಾಗಬೇಕು. ಆಮೇಲೆ ಇನ್ನೊಂದು ರಾತ್ರಿ ಆಸ್ಪತ್ರೆಯ ನಿದ್ದೆಯ ಕೋಣೆಯಲ್ಲಿ ಮಲಗಬೇಕು. ತಲೆ, ಗದ್ದ, ಎದೆ, ಬೆರಳಿಗೆ ತಂತಿ ಅಂಟಿಸುತ್ತಾರೆ. ನೋವಿಲ್ಲ. ಮೂಗಿಗೆ ಮಾಸ್ಕ್ ಹಾಕಿ 4ರಿಂದ ಶುರು ಮಾಡುತ್ತಾರೆ. ತಂತ್ರಜ್ಞರು ಪಕ್ಕದ ಕೋಣೆಯಲ್ಲಿ ಎಚ್ಚರವಿದ್ದು ಪರದೆ ನೋಡುತ್ತಿರುತ್ತಾರೆ. ಉಸಿರು ಕಟ್ಟಿದರೆ ಗಾಳಿಯನ್ನು ಒಂದು ಸೆಂಟಿಮೀಟರಾದರೂ ಏರಿಸುತ್ತಾರೆ, ಕನಿಷ್ಠ 5 ನಿಮಿಷ ಕಾಯುತ್ತಾರೆ, ಮತ್ತೆ ಕಟ್ಟಿದರೆ ಮತ್ತೆ ಏರಿಸುತ್ತಾರೆ. ಉಸಿರು ನಿಲ್ಲುವುದು ಮೊದಲು ಹೋಗುತ್ತದೆ, ಆಮೇಲೆ ಉಸಿರು ಕಡಿಮೆಯಾಗುವುದು, ಕೊನೆಗೆ ಗೊರಕೆ. ಗಂಟೆಗೆ 5ಕ್ಕಿಂತ ಕಡಿಮೆಯಾಗಿ ಆಮ್ಲಜನಕವೂ ಸರಿಯಾಗಿ ನಿಂತ ಒತ್ತಡವೇ ಆ ಮನುಷ್ಯನ ಒತ್ತಡ. ರೋಗ ತೀವ್ರವೆಂದು ಅರ್ಧ ರಾತ್ರಿಯಲ್ಲೇ ಗೊತ್ತಾದರೆ ಎರಡನ್ನೂ ಒಂದೇ ರಾತ್ರಿ ಮುಗಿಸುವುದೂ ಉಂಟು. 15ಕ್ಕೆ ಏರಿಸಿದರೂ ಕಟ್ಟುವುದು ನಿಲ್ಲದಿದ್ದರೆ, ಅಥವಾ ಅಷ್ಟು ಗಾಳಿಯ ಎದುರು ಉಸಿರು ಬಿಡಲಾಗದಿದ್ದರೆ, ಒಳಗೆಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಗಾಳಿ ಕೊಡುವ ಬೈಪ್ಯಾಪ್ ಯಂತ್ರಕ್ಕೆ ಬದಲಾಯಿಸಿ ನೋಡುತ್ತಾರೆ.

ಇಲ್ಲಿ ನಿಮಗಾಗಿಯೇ ಒಂದು ಮಾತು ಒತ್ತಿ ಹೇಳಬೇಕು. ಕನಸು ಬೀಳುವ ನಿದ್ದೆಯಲ್ಲಿ ಗಂಟಲು ಅತಿ ಹೆಚ್ಚು ಸಡಿಲವಾಗುತ್ತದೆ. ಅಂಗಾತ ಮಲಗಿದ್ದರೆ ಇನ್ನೂ ಕಷ್ಟ. ಆ ಎರಡೂ ಸೇರಿದ ಹೊತ್ತಿನಲ್ಲಿ ಸಾಕಾಗುವ ಗಾಳಿಯೇ ನಿಜವಾಗಿ ಸಾಕಾಗುವ ಗಾಳಿ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ, ಅಂದರೆ ಬೆಳಗಿನ ಜಾವ. ಹೆಂಗಸರಲ್ಲಿ ಹಲವರಿಗೆ ಉಸಿರು ಕಟ್ಟುವುದು ಆ ನಿದ್ದೆಯಲ್ಲಿ ಮಾತ್ರ. ನೀವು ವಾಡಿಕೆಯಂತೆ ನಾಲ್ಕಕ್ಕೆ ಎದ್ದು "ಬಸ್ಸಿಗೆ ಹೊತ್ತಾಯಿತು, ತಂತಿ ತೆಗೀರಿ" ಎಂದರೆ ನೋಡಬೇಕಾದ ಭಾಗವೇ ತಪ್ಪಿಹೋಗಿ, ಗಾಳಿ ಕಡಿಮೆಗೆ ನಿಗದಿಯಾಗಬಹುದು. ಹೋದ ಕೂಡಲೇ ತಂತ್ರಜ್ಞರಿಗೆ ಹೇಳಿ: ನಾನು ಒಂಬತ್ತಕ್ಕೆ ಮಲಗುವವಳು, ಬೇಗ ತಂತಿ ಹಚ್ಚಿ. ಆ ದಿನ ಹಗಲು ಮಲಗಬೇಡಿ, ಸಂಜೆಯ ಚಹಾ ಬಿಡಿ. ಎರಡು ಹೊತ್ತಿನ ಹಾಲಿಗೆ ಸೊಸೆಯನ್ನೋ ನೆರೆಯವರನ್ನೋ ಮೊದಲೇ ಒಪ್ಪಿಸಿ. ಕೈ ಬದಲಾದರೆ ಎಮ್ಮೆ ಸೊರೆ ಬಿಡದಿರಬಹುದು, ಒಂದೆರಡು ಲೀಟರ್ ಹೋಗಬಹುದು. ಹೋಗಲಿ ಬಿಡಿ. ಈಯಲು ಹತ್ತಿರವಿರುವ ರಾಸು ಇದ್ದರೆ ಮಾತ್ರ ತಾರೀಖು ಮುಂದೂಡಿ.

ಎಲ್ಲರೂ ಎರಡು ರಾತ್ರಿ ಊರು ಬಿಡಲೇಬೇಕೆಂದಿಲ್ಲ. ತಾನೇ ಗಾಳಿ ಏರಿಸಿ ಇಳಿಸುವ ಆಟೋ ಯಂತ್ರವನ್ನು ಒಂದೆರಡು ವಾರ ಮನೆಯಲ್ಲಿ ಬಳಸಿ, ಅದರ ಚಿಪ್ಪಿನಲ್ಲಿ ದಾಖಲಾದ ಲೆಕ್ಕವನ್ನು ಡಾಕ್ಟರು ನೋಡಿ ಒತ್ತಡ ನಿಗದಿ ಮಾಡುವ ಕ್ರಮವೂ ಇದೆ. ಹೃದಯ ದುರ್ಬಲವಾಗಿದ್ದವರಿಗೆ, ಶ್ವಾಸಕೋಶದ ದೀರ್ಘ ಕಾಯಿಲೆ ಇರುವವರಿಗೆ ಇದು ಸರಿಹೋಗದು, ಅವರು ಆಸ್ಪತ್ರೆಯಲ್ಲೇ ಮಲಗಬೇಕು. ರೋಣ, ನರಗುಂದ, ಗಜೇಂದ್ರಗಡದವರು ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಗದಗದ ಜಿಮ್ಸ್ ಅಥವಾ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗೆ ಹೋಗುವುದಾದರೆ ಶ್ವಾಸಕೋಶ ವಿಭಾಗ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಕೇಳಿ. ನಿದ್ದೆಯ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಖರ್ಚೆಷ್ಟು, ನಿಮ್ಮ ಯಶಸ್ವಿನಿ ಅಥವಾ ಆಯುಷ್ಮಾನ್ ಕಾರ್ಡಿನಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಬಿಡಿಸಿ ತಿಳಿದುಕೊಳ್ಳಿ. ಯಂತ್ರ ಬಾಡಿಗೆಗೂ ಸಿಗುತ್ತದೆ. ಮೊದಲ ತಿಂಗಳು ಬಾಡಿಗೆಯೇ ಲೇಸೆಂದು ನನ್ನ ಅಭಿಪ್ರಾಯ.

ಗಾಳಿ ಕಡಿಮೆಯಾದರೆ ಗೊರಕೆ, ಹಗಲಿನ ತೂಕಡಿಕೆ ಹಾಗೇ ಉಳಿಯುತ್ತವೆ. ಹೆಚ್ಚಾದರೆ ಗಾಳಿ ಹೊಟ್ಟೆಗಿಳಿದು ಉಬ್ಬರ, ತೇಗು. ಮಾಸ್ಕಿನ ಅಂಚಿನಿಂದ ಸೋರಿ ಕಣ್ಣಿಗೆ ಹೊಡೆಯುತ್ತದೆ. ಕೆಲವರಲ್ಲಿ ಮಿದುಳೇ ಉಸಿರಿನ ಅಪ್ಪಣೆಯನ್ನು ನಿಲ್ಲಿಸುವ ಇನ್ನೊಂದು ಬಗೆಯ ಉಸಿರುಕಟ್ಟು ಶುರುವಾಗುತ್ತದೆ. ಹಾಗೆಂದು ಗುಂಡಿ ಒತ್ತಿ ನೀವೇ ನಂಬರ್ ಬದಲಿಸಬೇಡಿ. ಬಹಳ ಸಲ ತಪ್ಪು ಗಾಳಿಯದ್ದಲ್ಲ, ಸೋರಿಕೆಯದ್ದು. ನಮ್ಮ ಮೂಗುತಿ ಮಾಸ್ಕಿನ ಅಂಚಿಗೆ ಸಿಕ್ಕಿದರೆ ಗಾಳಿ ಸೋರುತ್ತದೆ. ಮುಖಕ್ಕೆ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಮಾಸ್ಕ್ ಜಾರುತ್ತದೆ. ಜಡೆಯನ್ನು ಪಟ್ಟಿಗೆ ಅಡ್ಡ ಬರದಂತೆ ಕೆಳಗೆ ಕಟ್ಟಿ. ಬಾಯಿ ತೆರೆದು ಮಲಗುವವರಿಗೆ ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾದೀತು. ಸೋರಿಕೆ ನಿಂತ ಮೇಲೂ ತೊಂದರೆ ಉಳಿದರೆ ಯಂತ್ರವನ್ನೇ ಹಿಡಿದುಕೊಂಡು ಡಾಕ್ಟರ ಬಳಿ ಹೋಗಿ. ತೂಕ ಬಹಳ ಏರಿದರೆ ಅಥವಾ ಇಳಿದರೆ ಬೇಕಾದ ಗಾಳಿಯೂ ಬದಲಾಗುತ್ತದೆ.

ಸೋವಿಗೆ ಸಿಕ್ಕಿತೆಂದು ಇನ್ನೊಬ್ಬರು ಬಳಸಿದ ಯಂತ್ರ ತರುವವರಿದ್ದಾರೆ. ಅದರಲ್ಲಿರುವ ನಂಬರ್ ಅವರ ಗಂಟಲಿನದು, ನಿಮ್ಮದಲ್ಲ. 2021ರಲ್ಲಿ ಒಂದು ದೊಡ್ಡ ಕಂಪನಿ, ಒಳಗಿನ ಸ್ಪಂಜು ಪುಡಿಯಾಗಬಹುದೆಂದು ಜಗತ್ತಿನಾದ್ಯಂತ ತನ್ನ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆದಿತ್ತು. ಹಳೆಯ ಯಂತ್ರವಾದರೆ ಇದನ್ನೂ ಕೇಳಿ ನೋಡಿ.

ರೋಣದ ಆ ಸಹೋದರಿಯ ಯಜಮಾನರು ಕೊನೆಗೂ ಪರೀಕ್ಷೆಗೆ ಹೋದರು. ಅಂಗಡಿಯವರು 14ಕ್ಕೆ ಇಟ್ಟಿದ್ದರು, ಅವರಿಗೆ ಬೇಕಾಗಿದ್ದದ್ದು 9. ಈಗ ರಾತ್ರಿ ಪೂರ್ತಿ ಹಾಕಿಕೊಳ್ಳುತ್ತಾರೆ. ಕರೆಂಟ್ ಹೋದ ರಾತ್ರಿ ಏನು ಮಾಡುವುದೆಂದು ಕೇಳಿದ್ದಕ್ಕೆ, ಗಾಳಿಯನ್ನು ಬಿಸಿ ಮಾಡುವ ನೀರಿನ ಡಬ್ಬಿಯನ್ನು ಆಫ್ ಮಾಡಿ, ಮನೆಯ ಇನ್ವರ್ಟರ್ ಹೆಚ್ಚು ಹೊತ್ತು ಬರುತ್ತದೆ ಎಂದು ಅಲ್ಲಿಯವರು ಹೇಳಿ ಕಳಿಸಿದ್ದಾರೆ.