ಚಿಯರ್‌ಲೀಡರ್ ಮತ್ತು ಶಿಲಾಬಾಲಿಕೆ

ಅಮೆರಿಕದ ಕಾಲೇಜು ಚಿತ್ರಗಳನ್ನು ಕಂಡವರಿಗೆ ಚಿಯರ್‌ಲೀಡರ್ ಪರಿಚಿತಳು. ಮೈದಾನದ ಅಂಚಿನಲ್ಲಿ ಕುಣಿದು ತಂಡವನ್ನು ಹುರಿದುಂಬಿಸುವ ಈಕೆಯ ಒಲವು ಗಳಿಸುವುದೇ ಅಲ್ಲಿನ ಎಷ್ಟೋ ನಾಯಕರ ಗುರಿ. ಆದರೆ ಈ ಪದ್ಧತಿಗೆ ನಾಂದಿ ಹಾಡಿದವರು ಗಂಡಸರು. 1898ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಾನಿ ಕ್ಯಾಂಪ್‌ಬೆಲ್, ನೆರೆದ ಪ್ರೇಕ್ಷಕರಿಂದ ಒಕ್ಕೊರಲಿನ ಘೋಷಣೆ ಹಾಕಿಸಿದನು. ಹೆಣ್ಣುಮಕ್ಕಳು ಸೇರಿದ್ದು 1920ರ ದಶಕದಲ್ಲಿ. ಕಠಿಣ ಅಂಗಸಾಧನೆ ಬೇಡುವ, ಬಿದ್ದು ಪೆಟ್ಟಾಗುವ ಅಪಾಯವಿರುವ ಈ ವಿದ್ಯೆ ಬೆಳ್ಳಿತೆರೆಯ ಮೇಲೆ ಬಹುಮಟ್ಟಿಗೆ ಬರಿಯ ಚೆಲುವಾಗಿ ಉಳಿಯಿತು. 2008ರಲ್ಲಿ ಐಪಿಎಲ್ ಕ್ರಿಕೆಟ್‌ನೊಂದಿಗೆ ಬೆಂಗಳೂರಿಗೆ ಬಂದ ಅಮೆರಿಕದ ನರ್ತಕಿಯರ ವಿಷಯದಲ್ಲೂ ಚರ್ಚೆಯಾದದ್ದು ಅವರ ಉಡುಪೇ ಹೊರತು ಪರಿಶ್ರಮವಲ್ಲ.

ಕುಣಿಯುವ ಹೆಣ್ಣನ್ನು ಹೀಗೆ ಪ್ರಣಯದ ಪ್ರತಿಮೆಯಾಗಿಸುವುದು ನಮಗೂ ಹೊಸದಲ್ಲ. ಹಾಸನ ಜಿಲ್ಲೆಯ ಬೇಲೂರಿನ ಶಿಲಾಬಾಲಿಕೆ ಕನ್ನಡಿಗರ ಪಾಲಿಗೆ ಚೆಲುವಿನ ಅಳತೆಗೋಲು. 1964ರಲ್ಲಿ ಬಿ.ಎಸ್. ರಂಗಾ ನಿರ್ದೇಶಿಸಿದ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ಯಲ್ಲಿ ಶಿಲ್ಪಿಯ ಒಲವಿನ ನರ್ತಕಿಯಾಗಿ ಬಿ. ಸರೋಜಾದೇವಿ ಕಾಣಿಸಿಕೊಂಡರು. ಕಲ್ಲಿನ ಹಿಂದೆ ಒಬ್ಬ ಪ್ರೇಯಸಿ ಇರಲೇಬೇಕೆಂಬ ನಂಬಿಕೆಗೆ ಬಣ್ಣ ಬಂದಿತು.

ಶಾಸನಗಳು ಹೇಳುವುದೇ ಬೇರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇವಾಲಯದ ಮದನಿಕೆಗಳ ಕೆಳಗೆ ಕಾಣುವುದು ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದವರ ಹೆಸರುಗಳು, ಜಕಣಾಚಾರಿಯದಲ್ಲ. ಆ ಮದನಿಕೆಯರೆಲ್ಲರೂ ಕನ್ನಡಿ ಹಿಡಿದು ನಿಂತವರೂ ಅಲ್ಲ. ಒಬ್ಬಳು ಬೇಟೆಗಾತಿ, ಮತ್ತೊಬ್ಬಳು ವಾದ್ಯ ನುಡಿಸುವವಳು. ನರ್ತಿಸುವವರ ಕಾಲ ಬಳಿ ಪುಟ್ಟ ಮದ್ದಳೆಗಾರರಿದ್ದಾರೆ. ತಾಳ, ಲಯ, ಅಭ್ಯಾಸಗಳಿಲ್ಲದೆ ಆ ಭಂಗಿ ಇಲ್ಲವೆಂಬುದನ್ನು ಶಿಲ್ಪಿ ಮರೆಯಲಿಲ್ಲ.

ದರ್ಪಣಸುಂದರಿಗೆ ರೂಪದರ್ಶಿಯಾದವಳು ವಿಷ್ಣುವರ್ಧನನ ರಾಣಿ ಶಾಂತಲೆ ಎಂಬುದು ಜನಪ್ರಿಯ ಕಥೆ. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1123ರಲ್ಲಿ ಆಕೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಇಂದಿಗೂ ನಿಂತಿದೆ. ಅಲ್ಲಿನ ಶಾಸನ ಶಾಂತಲೆಯನ್ನು ಗೀತ, ವಾದ್ಯ, ನೃತ್ಯಗಳ ಪರಿಣತೆಯೆಂದೂ ವಿವೇಕದಲ್ಲಿ ಬೃಹಸ್ಪತಿಯೆಂದೂ ಕೊಂಡಾಡುತ್ತದೆ. ದಾನ ಕೊಟ್ಟ, ಬಸದಿ ಕಟ್ಟಿಸಿದ ಈ ಹೆಣ್ಣಿಗಿಂತ ಕನ್ನಡಿಯ ಮುಂದಿನ ಚೆಲುವೆಯೇ ಜನರ ನೆನಪಿನಲ್ಲಿ ಉಳಿದಳು.

ಹೊಳೆನರಸೀಪುರ, ಅರಕಲಗೂಡುಗಳಿಂದ ಶಾಲಾ ಪ್ರವಾಸಕ್ಕೆ ಬೇಲೂರಿಗೆ ಬರುವ ಹುಡುಗಿಯರಿಗೆ ಕನ್ನಡಿ ಹಿಡಿದವಳನ್ನು ತೋರಿಸುವುದು ತಪ್ಪಲ್ಲ. ಜೊತೆಗೆ ಬಿಲ್ಲು ಹಿಡಿದವಳನ್ನೂ ತೋರಿಸಿ, ಶ್ರವಣಬೆಳಗೊಳದ ಶಾಸನವನ್ನೂ ಓದಿ ಹೇಳಬೇಕು. ಒಲಿಸಿಕೊಳ್ಳಬೇಕಾದ ವಸ್ತುವಾಗಿ ಮಾತ್ರ ಕಂಡಾಗ ಮರೆಯಾಗುವುದು ಹೆಣ್ಣಿನ ವಿದ್ಯೆ; ಅದು ಅಮೆರಿಕದ ಮೈದಾನವಾದರೂ ಸರಿ, ಹೊಯ್ಸಳರ ಗುಡಿಯಾದರೂ ಸರಿ.